ಗುಳ್ಳೆ ಎದ್ದ ದಿನವೇ ಸೋಂಕು ತಗುಲಿದ ದಿನವಲ್ಲ: ಜನನಾಂಗದ ಹರ್ಪಿಸ್ ಮತ್ತು ಅದರ ನಿರ್ವಹಣೆ

ಜನನಾಂಗದ ಹರ್ಪಿಸ್ ಎಂದು ವೈದ್ಯರು ಹೇಳಿದ ಕೂಡಲೇ ರೋಗಿಯ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ ಔಷಧದ ಕುರಿತಾದದ್ದಲ್ಲ. ಇದು ಯಾವಾಗ ತಗುಲಿತು, ಯಾರಿಂದ ತಗುಲಿತು ಎಂಬುದೇ ಆ ಪ್ರಶ್ನೆ. ಮದುವೆಯಾಗಿ ಎಷ್ಟೋ ವರ್ಷ ಕಳೆದ ಮೇಲೆ ಗಂಡನಿಗೋ ಹೆಂಡತಿಗೋ ಮೊದಲ ಬಾರಿ ಗುಳ್ಳೆ ಕಾಣಿಸಿಕೊಂಡರೆ ಈ ಪ್ರಶ್ನೆ ಚಿಕಿತ್ಸೆಯನ್ನು ಹಿಂದಕ್ಕೆ ತಳ್ಳಿ, ಮನೆಯೊಳಗೆ ಸಂಶಯದ ಮಾತಾಗಿ ಬೆಳೆಯುತ್ತದೆ. ಹೆಚ್ಚಿನ ಸಂದರ್ಭಗಳಲ್ಲಿ ಅದಕ್ಕೆ ಖಚಿತವಾದ ಉತ್ತರ ದೊರೆಯುವುದಿಲ್ಲ, ಮತ್ತು ಏಕೆ ದೊರೆಯುವುದಿಲ್ಲ ಎಂಬುದು ಈ ವೈರಸ್ ನಮ್ಮ ದೇಹದೊಳಗೆ ಬದುಕುವ ರೀತಿಯಲ್ಲೇ ಇದೆ. ಆ ರೀತಿಯನ್ನು ಒಮ್ಮೆ ಅರ್ಥಮಾಡಿಕೊಂಡರೆ ಗುಳ್ಳೆ ಏಕೆ ಮರಳಿ ಬರುತ್ತದೆ, ಮಾತ್ರೆ ಏನನ್ನು ಮಾಡಬಲ್ಲದು ಮತ್ತು ಏನನ್ನು ಮಾಡಲಾರದು, ಯಾವ ರಕ್ತಪರೀಕ್ಷೆ ಕೆಲಸಕ್ಕೆ ಬಾರದು ಎಂಬ ಸಂಗತಿಗಳೂ ಸ್ಪಷ್ಟವಾಗುತ್ತವೆ.

ಈ ರೋಗಕ್ಕೆ ಕಾರಣವಾದದ್ದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಇದರಲ್ಲಿ ಎರಡು ವಿಧಗಳಿವೆ. ಒಂದನೆಯ ವಿಧ ಸಾಮಾನ್ಯವಾಗಿ ಬಾಲ್ಯದಲ್ಲೇ, ದೊಡ್ಡವರ ಮುತ್ತಿನಿಂದಲೋ ಎಂಜಲಿನ ಸಂಪರ್ಕದಿಂದಲೋ ಬಂದು ಸೇರಿಕೊಳ್ಳುತ್ತದೆ. ಜ್ವರ ಬಂದು ಬಿಟ್ಟ ಮೇಲೆ ತುಟಿಯ ಅಂಚಿನಲ್ಲಿ ಏಳುವ, ನಮ್ಮಲ್ಲಿ ಬಹಳ ಮಂದಿ ಉಷ್ಣದ ಗುಳ್ಳೆ ಎಂದು ಸುಮ್ಮನಾಗುವ ಆ ನೀರ್ಗುಳ್ಳೆಗಳು ಇದರವೇ. ಎರಡನೆಯ ವಿಧ ಬಹುತೇಕ ಲೈಂಗಿಕ ಸಂಪರ್ಕದಿಂದಲೇ ಹರಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2020ರಲ್ಲಿ ಜಗತ್ತಿನ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಎಂದರೆ ಆ ವಯಸ್ಸಿನ ಶೇ 64ರಷ್ಟು ಮಂದಿಯಲ್ಲಿ, ಒಂದನೆಯ ವಿಧದ ಸೋಂಕಿತ್ತು; 15ರಿಂದ 49 ವರ್ಷದ ಸುಮಾರು 52 ಕೋಟಿ ಜನರಲ್ಲಿ ಎರಡನೆಯ ವಿಧದ ಸೋಂಕಿತ್ತು. ಬಾಯಿಯಿಂದ ಜನನಾಂಗಕ್ಕೆ ಸಂಪರ್ಕವಾದಾಗ ಒಂದನೆಯ ವಿಧವೂ ಅಲ್ಲಿ ನೆಲೆಸಬಲ್ಲದು. ಶ್ರೀಮಂತ ರಾಷ್ಟ್ರಗಳಲ್ಲಿ ಬಾಲ್ಯದ ಸೋಂಕು ಕಡಿಮೆಯಾಗಿ, ಯೌವನದಲ್ಲಿ ಮೊದಲ ಬಾರಿ ಈ ವೈರಸ್ಸಿಗೆ ಎದುರಾಗುವವರು ಹೆಚ್ಚಾದಂತೆ, ಅಲ್ಲಿನ ಯುವಜನರ ಜನನಾಂಗದ ಹರ್ಪಿಸ್‌ಗೆ ಒಂದನೆಯ ವಿಧವೇ ಮುಖ್ಯ ಕಾರಣವಾಗುತ್ತಿದೆ. ಎರಡೂ ವಿಧಗಳನ್ನು ಸೇರಿಸಿ ಲೆಕ್ಕ ಹಾಕಿದರೆ ಜಗತ್ತಿನಲ್ಲಿ 15ರಿಂದ 49 ವರ್ಷದೊಳಗಿನ ಸುಮಾರು 84.6 ಕೋಟಿ ಜನ ಜನನಾಂಗದ ಸೋಂಕನ್ನು ಹೊತ್ತಿದ್ದಾರೆಂದು 2024ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಆದರೆ 2020ರಲ್ಲಿ ಒಮ್ಮೆಯಾದರೂ ಗುಳ್ಳೆ, ಹುಣ್ಣುಗಳಂಥ ಲಕ್ಷಣ ಕಂಡವರು ಸುಮಾರು 20.5 ಕೋಟಿ ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗುತ್ತದೆ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಬಿಡಬೇಕು. ಸೊಂಟದ ಅಥವಾ ಎದೆಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಏಳುವ ಸರ್ಪಸುತ್ತನ್ನು ವೈದ್ಯರು ಹರ್ಪಿಸ್ ಜೋಸ್ಟರ್ ಎಂದು ಚೀಟಿಯಲ್ಲಿ ಬರೆಯುತ್ತಾರೆ. ಅದನ್ನು ಓದಿ ಲೈಂಗಿಕ ರೋಗವೆಂದು ಗಾಬರಿಗೊಳ್ಳುವವರಿದ್ದಾರೆ. ಎರಡೂ ಒಂದೇ ಕುಟುಂಬದ ವೈರಸ್‌ಗಳು ನಿಜ, ಆದರೆ ಸರ್ಪಸುತ್ತು ಎಂದೋ ಬಂದುಹೋದ ಚಿಕನ್‌ಪಾಕ್ಸ್ ವೈರಸ್ ಮತ್ತೆ ಎಚ್ಚೆತ್ತದ್ದರ ಫಲ. ಲೈಂಗಿಕ ಸಂಪರ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಹರ್ಪಿಸ್ ಸಿಂಪ್ಲೆಕ್ಸ್ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ, ಆದರೆ ಅದರ ಮನೆ ಚರ್ಮವಲ್ಲ. ಜನನಾಂಗದ ಮೃದುವಾದ ಒಳಪೊರೆಯ ಮೂಲಕ, ಅಥವಾ ಕಣ್ಣಿಗೆ ಕಾಣದಷ್ಟು ಸಣ್ಣ ತರಚಿನ ಮೂಲಕ ಒಳಹೊಕ್ಕ ವೈರಸ್ ಮೊದಲು ಅಲ್ಲಿನ ಚರ್ಮಕೋಶಗಳಲ್ಲಿ ಬೆಳೆದು, ಅನಂತರ ಆ ಭಾಗದ ಸಂವೇದನಾ ನರಗಳ ತುದಿಯನ್ನು ಹಿಡಿದು ಮೇಲಕ್ಕೆ ಸಾಗುತ್ತದೆ. ಬೆನ್ನುಹುರಿಯ ಕೆಳಭಾಗದ ಪಕ್ಕದಲ್ಲಿ ನರಕೋಶಗಳು ಗುಂಪಾಗಿರುವ ಗಂಟುಗಳಿವೆ. ವೈರಸ್ ತನ್ನ ವಂಶಧಾತುವನ್ನು, ಎಂದರೆ ಡಿಎನ್‌ಎಯನ್ನು, ಆ ನರಕೋಶಗಳ ಕೇಂದ್ರದಲ್ಲಿ ಇರಿಸಿ ಸುಪ್ತವಾಗಿಬಿಡುತ್ತದೆ. ಈ ಸ್ಥಿತಿಯಲ್ಲಿ ಅದು ಹೆಚ್ಚುಕಡಿಮೆ ಏನನ್ನೂ ತಯಾರಿಸುವುದಿಲ್ಲ; ಹಾಗಾಗಿ ದೇಹದ ರೋಗನಿರೋಧಕ ವ್ಯವಸ್ಥೆಗೆ ಹಿಡಿಯಲು ಗುರುತೇ ಸಿಗುವುದಿಲ್ಲ, ಔಷಧಕ್ಕೆ ತಡೆಯಲು ಚಟುವಟಿಕೆಯೇ ಇರುವುದಿಲ್ಲ. ಆಗಾಗ ಅದು ಎಚ್ಚೆತ್ತು ಅದೇ ನರದ ಹಾದಿಯಲ್ಲಿ ಕೆಳಗಿಳಿದು ಚರ್ಮಕ್ಕೆ ಬರುತ್ತದೆ. ಮೇಲಿನ ಹುಲ್ಲನ್ನು ಎಷ್ಟು ಕುಯ್ದರೂ ಬೇರು ನೆಲದೊಳಗೇ ಉಳಿಯುವ ಗರಿಕೆಯಂತೆ, ಗುಳ್ಳೆ ಪೂರ್ತಿ ಒಣಗಿದರೂ ನರಗಂಟಿನ ವೈರಸ್ ಹಾಗೇ ಇರುತ್ತದೆ. ಈ ಸೋಂಕು ಪೂರ್ತಿ ಹೋಗುವುದಿಲ್ಲ ಎಂದು ವೈದ್ಯರು ಹೇಳುವುದು ಈ ಅರ್ಥದಲ್ಲಿ. ಆ ಭಾಗದ ನರಗಳು ಪೃಷ್ಠ, ತೊಡೆ, ಗುದದ್ವಾರದ ಸುತ್ತಲಿನ ಚರ್ಮಕ್ಕೂ ಹರಡಿರುವುದರಿಂದ ಮರುಕಳಿಸುವ ಗುಳ್ಳೆಗಳು ಮೊದಲು ಎದ್ದ ಜಾಗದಲ್ಲೇ ಏಳಬೇಕೆಂಬ ನಿಯಮವೂ ಇಲ್ಲ.

ಸೋಂಕು ತಗುಲಿದ ಮೇಲೆ ಲಕ್ಷಣ ಕಾಣುವುದಾದರೆ ಸಾಮಾನ್ಯವಾಗಿ 2ರಿಂದ 12 ದಿನಗಳೊಳಗೆ ಕಾಣುತ್ತದೆ. ಮೊದಲ ಸಲದ ಕಾಯಿಲೆ ಜೋರಾಗಿಯೇ ಇರಬಹುದು. ಜ್ವರ, ತಲೆನೋವು, ಮೈಕೈ ನೋವು ಬಂದು, ತೊಡೆಸಂದಿನಲ್ಲಿ ನೋಯುವ ಗಂಟುಗಳು ಎದ್ದು, ಕೆಂಪಾದ ಚರ್ಮದ ಮೇಲೆ ಸಣ್ಣ ಸಣ್ಣ ನೀರ್ಗುಳ್ಳೆಗಳು ಗುಂಪಾಗಿ ಮೂಡಿ, ಒಂದೆರಡು ದಿನಗಳಲ್ಲಿ ಒಡೆದು ಮೇಲ್ಪದರದ ಹುಣ್ಣುಗಳಾಗುತ್ತವೆ. ಮೂತ್ರ ತಾಗಿದರೆ ಸಹಿಸಲಾಗದ ಉರಿ. ಹೆಣ್ಣುಮಕ್ಕಳಲ್ಲಿ ಗರ್ಭಕಂಠದ ಮೇಲೂ ಹುಣ್ಣಾಗಬಹುದು. ಅದು ಹೊರಗೆ ಕಾಣುವುದಿಲ್ಲ, ಬಿಳಿಸೆರಗು ಹೆಚ್ಚಾದಂತೆ ಮಾತ್ರ ತೋರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಈ ಮೊದಲ ಸುತ್ತು ಎರಡರಿಂದ ನಾಲ್ಕು ವಾರ ಎಳೆಯುತ್ತದೆ. ಕೆಲವರಿಗೆ ಬೆನ್ನುಹುರಿಯ ಕೆಳಗಿನ ನರಗಳು ಊದಿಕೊಂಡು ಮೂತ್ರವೇ ಕಟ್ಟಿಹೋಗುತ್ತದೆ. ಇನ್ನು ಕೆಲವರಿಗೆ ಕುತ್ತಿಗೆ ಬಿಗಿದು, ಬೆಳಕು ನೋಡಲಾಗದೆ, ಮಿದುಳಿನ ಹೊದಿಕೆಯ ಉರಿಯೂತದ ಲಕ್ಷಣಗಳು ಬರುತ್ತವೆ. ಈ ಎರಡು ಸಂದರ್ಭಗಳಲ್ಲಿ ಮನೆಯಲ್ಲಿ ಕಾಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಮರುಕಳಿಸುವ ಸುತ್ತುಗಳು ಇಷ್ಟು ಕಠಿಣವಲ್ಲ. ದೇಹದಲ್ಲಿ ಆಗಲೇ ಪ್ರತಿರೋಧ ತಯಾರಾಗಿರುತ್ತದೆ. ಜ್ವರ ಸಾಮಾನ್ಯವಾಗಿ ಇರುವುದಿಲ್ಲ, ಗುಳ್ಳೆಗಳು ಒಂದೇ ಪಕ್ಕದಲ್ಲಿ ಕೆಲವೇ ಮೂಡಿ ಐದರಿಂದ ಹತ್ತು ದಿನಗಳಲ್ಲಿ ಹಕ್ಕಳೆಗಟ್ಟಿ ಮಾಯುತ್ತವೆ. ಅನೇಕರಿಗೆ ಗುಳ್ಳೆ ಏಳುವ ಕೆಲವು ಗಂಟೆಗಳ ಅಥವಾ ಒಂದೆರಡು ದಿನಗಳ ಮೊದಲೇ ಆ ಜಾಗದಲ್ಲಿ ಜುಮ್ಮೆನ್ನುವುದು, ತುರಿಕೆ, ಪೃಷ್ಠದಿಂದ ಕಾಲಿನವರೆಗೆ ಚಳುಕು ಹೊಡೆದಂತಾಗುವುದು ಇವೆಲ್ಲ ಅನುಭವಕ್ಕೆ ಬರುತ್ತವೆ. ಮಾತ್ರೆಯ ಲಾಭ ಪಡೆಯಲು ಈ ಮುನ್ಸೂಚನೆಯನ್ನು ಗುರುತಿಸಲು ಕಲಿಯುವುದು ಬಹು ಮುಖ್ಯ. ಎರಡನೆಯ ವಿಧದ ಸೋಂಕು ಲಕ್ಷಣಸಹಿತವಾಗಿ ಶುರುವಾದವರಿಗೆ ಮೊದಲ ವರ್ಷದಲ್ಲಿ ನಾಲ್ಕೈದು ಬಾರಿ ಮರುಕಳಿಸುವುದು ಸಾಮಾನ್ಯ, ಒಂದನೆಯ ವಿಧದವರಿಗೆ ಒಂದು ಬಾರಿ, ಅಥವಾ ಅದೂ ಇಲ್ಲ. ವರ್ಷಗಳು ಕಳೆದಂತೆ ಹೆಚ್ಚಿನವರಲ್ಲಿ ಈ ಸಂಖ್ಯೆ ತಾನಾಗಿ ಇಳಿಯುತ್ತದೆ. ಗುಳ್ಳೆಯಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದ ಮಾದರಿಯಲ್ಲಿ, ಎಂದರೆ ಸ್ವಾಬ್‌ನಲ್ಲಿ, ಯಾವ ವಿಧ ಎಂದು ತಿಳಿದುಕೊಳ್ಳಬೇಕಾದದ್ದು ಇದಕ್ಕಾಗಿಯೇ; ಮುಂದೆ ಎಷ್ಟು ಕಾಟ ಕೊಡಬಹುದು ಎಂಬ ಅಂದಾಜು ಅದರಿಂದ ಸಿಗುತ್ತದೆ.

ಇನ್ನು ಆರಂಭದ ಪ್ರಶ್ನೆಗೆ ಬರೋಣ. ವೈರಸ್ ನರದಿಂದ ಚರ್ಮಕ್ಕೆ ಇಳಿದಾಗಲೆಲ್ಲ ಗುಳ್ಳೆ ಏಳಲೇಬೇಕೆಂದಿಲ್ಲ. ಎಷ್ಟೋ ಸಲ ಚರ್ಮ ನೋಡಲು ಪೂರ್ತಿ ಸರಿಯಾಗಿಯೇ ಇರುತ್ತದೆ, ವೈರಸ್ ಮಾತ್ರ ಕೆಲವು ಗಂಟೆಗಳ ಕಾಲ ಹೊರಬರುತ್ತಿರುತ್ತದೆ. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಎರಡನೆಯ ವಿಧದ ಸೋಂಕಿರುವವರು ದಿನವೂ ಸ್ವಾಬ್ ತೆಗೆದುಕೊಟ್ಟಾಗ, ಗುಳ್ಳೆಗಳ ಅನುಭವವಿದ್ದವರಲ್ಲಿ ಸುಮಾರು ಶೇ 20ರಷ್ಟು ದಿನಗಳಲ್ಲಿ, ಎಂದೂ ಗುಳ್ಳೆಯನ್ನೇ ಕಾಣದವರಲ್ಲಿ ಸುಮಾರು ಶೇ 10ರಷ್ಟು ದಿನಗಳಲ್ಲಿ ವೈರಸ್ ಪತ್ತೆಯಾಯಿತು. ಎಂದೂ ಕಾಯಿಲೆ ಬೀಳದ, ತನಗೆ ಸೋಂಕಿದೆ ಎಂಬ ಕಲ್ಪನೆಯೂ ಇಲ್ಲದ ವ್ಯಕ್ತಿಯಿಂದಲೇ ಈ ರೋಗ ಹೆಚ್ಚಾಗಿ ಹರಡುತ್ತದೆ. ಹಾಗೆ ಪಡೆದವರಿಗೂ ಕೂಡಲೇ ಗುಳ್ಳೆ ಬರಬೇಕೆಂದಿಲ್ಲ. ವರ್ಷಗಳ ಕಾಲ ಸುಮ್ಮನಿದ್ದು, ಬೇರೊಂದು ಕಾಯಿಲೆಯೋ ದೇಹದ ದಣಿವೋ ಬಂದ ಕಾಲದಲ್ಲಿ ಮೊದಲ ಬಾರಿ ಹೊರಬೀಳಬಹುದು. ಮದುವೆಗೆ ಮುಂಚೆ ತಗುಲಿದ ಸೋಂಕು ಮದುವೆಯಾಗಿ ಹತ್ತು ವರ್ಷದ ಮೇಲೆ ಕಾಣಿಸಿಕೊಂಡರೆ ವೈದ್ಯಶಾಸ್ತ್ರಕ್ಕೆ ಅದರಲ್ಲಿ ಆಶ್ಚರ್ಯವಿಲ್ಲ. ಗಂಡಹೆಂಡಿರಲ್ಲಿ ಯಾರಿಗೆ ಮೊದಲು ಗುಳ್ಳೆ ಎದ್ದಿತೋ ಅವರೇ ತಂದರು ಎಂಬ ತೀರ್ಮಾನಕ್ಕೂ ಆಧಾರವಿಲ್ಲ. ಒಂದು ಗುಳ್ಳೆಯನ್ನು ದ್ರೋಹದ ಸಾಕ್ಷಿಯೆಂದು ಹಿಡಿದು ಸಂಸಾರ ಮುರಿಯುವುದು ಕ್ರೂರವಾದದ್ದು ಮಾತ್ರವಲ್ಲ, ವೈಜ್ಞಾನಿಕವಾಗಿಯೂ ತಪ್ಪು.

ಸೋಂಕಿನ ಕಾಲವನ್ನು ಸ್ವಲ್ಪಮಟ್ಟಿಗೆ ಅಂದಾಜಿಸುವ ಒಂದೇ ಒಂದು ದಾರಿಯಿದೆ. ಗುಳ್ಳೆ ಎದ್ದ ದಿನಗಳಲ್ಲೇ ಸ್ವಾಬ್ ಪರೀಕ್ಷೆಯಲ್ಲಿ ಎರಡನೆಯ ವಿಧದ ವೈರಸ್ ಕಂಡು, ಅದೇ ಹೊತ್ತಿನ ರಕ್ತದಲ್ಲಿ ಆ ವಿಧದ ವಿರುದ್ಧ ದೇಹ ತಯಾರಿಸಿಕೊಳ್ಳುವ ಐಜಿಜಿ ಎಂಬ ರಕ್ಷಣಾ ಪ್ರೋಟೀನು, ಎಂದರೆ ಪ್ರತಿಕಾಯ, ಇನ್ನೂ ಹುಟ್ಟಿಲ್ಲವಾದರೆ ಸೋಂಕು ಹೊಸದು. ಏಕೆಂದರೆ ಈ ಪ್ರತಿಕಾಯ ರಕ್ತದಲ್ಲಿ ಕಾಣಿಸಿಕೊಳ್ಳಲು ಕೆಲವು ವಾರಗಳಿಂದ ಸುಮಾರು ಮೂರು ತಿಂಗಳವರೆಗೆ ಸಮಯ ಬೇಕು. ಮೊದಲ ಗುಳ್ಳೆಯ ದಿನವೇ ಪ್ರತಿಕಾಯ ಇದ್ದರೆ ಸೋಂಕು ಹಳೆಯದು. ಮೊದಲ ಬಾರಿ ಎಂದು ಬರುವ ರೋಗಿಗಳಲ್ಲಿ ಗಣನೀಯ ಪಾಲಿನವರು ಈ ಎರಡನೆಯ ಗುಂಪಿಗೆ ಸೇರುತ್ತಾರೆ. ಎಷ್ಟು ಹಳೆಯದು, ಯಾರಿಂದ ಬಂದದ್ದು ಎಂಬುದನ್ನು ಯಾವ ಪ್ರಯೋಗಾಲಯವೂ ಹೇಳಲಾರದು.

ರೋಗವನ್ನು ಗುರುತಿಸುವ ವಿಷಯದಲ್ಲಿ ನಮ್ಮಲ್ಲಿ ಎರಡು ದಿಕ್ಕಿನ ತಪ್ಪುಗಳು ನಡೆಯುತ್ತವೆ. ಹರ್ಪಿಸ್ ಆಗಿದ್ದದ್ದನ್ನು ಬೆವರುಗುಳ್ಳೆ, ಬ್ಲೇಡಿನ ಗಾಯ, ಉಷ್ಣ ಎಂದು ಬಿಟ್ಟುಬಿಡುವುದು ಒಂದು. ಹರ್ಪಿಸ್ ಅಲ್ಲದ್ದನ್ನು ಹರ್ಪಿಸ್ ಎಂದು ಹೆದರುವುದು ಇನ್ನೊಂದು. ಸಿಫಿಲಿಸ್‌ನ ಮೊದಲ ಹುಣ್ಣು ಸಾಮಾನ್ಯವಾಗಿ ಒಂದೇ, ಗಟ್ಟಿ ಮತ್ತು ನೋವಿಲ್ಲದ್ದು. ಹರ್ಪಿಸ್‌ನ ಹುಣ್ಣುಗಳು ಹಲವು, ಮೇಲುಮೇಲಿನವು ಮತ್ತು ನೋಯುವಂಥವು. ಭಾರತದಲ್ಲಿ ಗಮನಿಸಲೇಬೇಕಾದ ಮತ್ತೊಂದು ಸಂಗತಿ ಔಷಧದ ಅಲರ್ಜಿ. ಭೇದಿಗೆಂದೋ ಜ್ವರಕ್ಕೆಂದೋ ಔಷಧದಂಗಡಿಯಿಂದ ತಂದು ನುಂಗಿದ ಕೆಲವು ಮಾತ್ರೆಗಳಿಗೆ, ಮುಖ್ಯವಾಗಿ ಕೋಟ್ರೈಮಾಕ್ಸಜೋಲ್, ಟಿನಿಡಜೋಲ್ ಮತ್ತು ಕೆಲವು ನೋವುನಿವಾರಕಗಳಿಗೆ, ಶಿಶ್ನದ ತುದಿಯಲ್ಲಿ ಅಥವಾ ತುಟಿಯ ಮೇಲೆ ಪ್ರತಿ ಸಲವೂ ಅದೇ ಜಾಗದಲ್ಲಿ ಕಲೆ, ಗುಳ್ಳೆ, ಹುಣ್ಣು ಏಳುವುದುಂಟು. ಮಾಯ್ದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ಅದೇ ಜಾಗದಲ್ಲಿ ಮತ್ತೆ ಮತ್ತೆ ಬರುವುದರಿಂದ ಇದನ್ನು ಹರ್ಪಿಸ್ ಎಂದು ವರ್ಷಗಟ್ಟಲೆ ನಂಬಿಕೊಂಡವರಿರುತ್ತಾರೆ. ಗುಳ್ಳೆ ಬರುವ ಹಿಂದಿನ ದಿನ ಯಾವ ಮಾತ್ರೆ ನುಂಗಿದಿರಿ ಎಂಬ ಒಂದು ಪ್ರಶ್ನೆ ಇಡೀ ರೋಗನಿರ್ಣಯವನ್ನೇ ಬದಲಿಸಬಲ್ಲದು.

ಪರೀಕ್ಷೆಗಳಲ್ಲಿ ಹೆಚ್ಚು ನಂಬಬಹುದಾದದ್ದು ಹಸಿ ಗುಳ್ಳೆಯ ಅಥವಾ ಹುಣ್ಣಿನ ಸ್ವಾಬ್ ತೆಗೆದು ಅದರಲ್ಲಿ ವೈರಸ್ಸಿನ ಡಿಎನ್‌ಎಯನ್ನು ಹುಡುಕುವ ಪಿಸಿಆರ್. ಗುಳ್ಳೆ ಒಣಗಿ ಹಕ್ಕಳೆಗಟ್ಟಿದ ಮೇಲೆ ಹೋದರೆ ವೈರಸ್ ಸಿಗದಿರಬಹುದು. ಆದ್ದರಿಂದ ಮೊದಲೆರಡು ದಿನಗಳಲ್ಲಿ ವೈದ್ಯರನ್ನು ಕಾಣುವುದು ಒಳ್ಳೆಯದು. ಗುಳ್ಳೆಯ ತಳವನ್ನು ಕೆರೆದು ಸೂಕ್ಷ್ಮದರ್ಶಕದಡಿ ನೋಡುವ ಜ್ಯಾಂಕ್ ಪರೀಕ್ಷೆ ಅಗ್ಗ, ಕೂಡಲೇ ಫಲಿತಾಂಶ ಕೊಡುತ್ತದೆ, ಆದರೆ ಅನೇಕ ಸಲ ಇರುವ ರೋಗವನ್ನೂ ಇಲ್ಲವೆನ್ನುತ್ತದೆ, ಮತ್ತು ಅದು ಸಿಂಪ್ಲೆಕ್ಸ್ ಯಾವುದು ಜೋಸ್ಟರ್ ಯಾವುದು ಎಂದು ಬೇರ್ಪಡಿಸಲಾರದು.

ರಕ್ತಪರೀಕ್ಷೆಯ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕಾಗಿದೆ. ಐಜಿಎಂ ಎಂಬ ಇನ್ನೊಂದು ಬಗೆಯ ಪ್ರತಿಕಾಯವನ್ನು ಹುಡುಕುವ ಹರ್ಪಿಸ್ ಪರೀಕ್ಷೆಯಿಂದ ಪ್ರಯೋಜನವಿಲ್ಲ. ಹೊಸ ಸೋಂಕಿಗೂ ಹಳೆಯ ಸೋಂಕು ಮರುಕಳಿಸಿದ್ದಕ್ಕೂ ಅದು ಪಾಸಿಟಿವ್ ಬರಬಹುದು, ಎರಡು ವಿಧಗಳನ್ನು ಬೇರೆ ಮಾಡುವುದಿಲ್ಲ, ಸೋಂಕೇ ಇಲ್ಲದವರಲ್ಲೂ ಪಾಸಿಟಿವ್ ಎನ್ನುವುದುಂಟು. ಹಾಗಿದ್ದೂ ಗರ್ಭಪಾತವಾದ ಹೆಣ್ಣುಮಕ್ಕಳಿಗೆ ಗರ್ಭಕ್ಕೆ ತೊಂದರೆ ಕೊಡಬಲ್ಲ ಹಲವು ಸೋಂಕುಗಳನ್ನು ಒಟ್ಟಿಗೆ ಹುಡುಕುವ ಟಾರ್ಚ್ ಪರೀಕ್ಷೆ ಎಂಬ ಹೆಸರಿನಲ್ಲಿ ಇದನ್ನು ನಮ್ಮಲ್ಲಿ ಧಾರಾಳವಾಗಿ ಬರೆದುಕೊಡಲಾಗುತ್ತದೆ. ವರದಿಯಲ್ಲಿ ಹರ್ಪಿಸ್ ಪಾಸಿಟಿವ್ ಎಂಬ ಸಾಲು ಬಂದರೆ, ಮಗುವನ್ನು ಕಳೆದುಕೊಂಡ ದುಃಖದ ಮೇಲೆ ಶೀಲದ ಪ್ರಶ್ನೆಯೂ ಆ ಹೆಣ್ಣಿನ ಹೆಗಲೇರುತ್ತದೆ. ಒಂದನೆಯ ವಿಧದ ಐಜಿಜಿ ಪಾಸಿಟಿವ್ ಎಂದರೆ ಜಗತ್ತಿನ ಬಹುಪಾಲು ಜನರಂತೆ ಬಾಲ್ಯದಲ್ಲೆಲ್ಲೋ ಆ ವೈರಸ್ ತಗುಲಿದೆ ಎಂದಷ್ಟೇ ಅರ್ಥ. ಎರಡನೆಯ ವಿಧದ ಐಜಿಜಿ ಪರೀಕ್ಷೆಗೆ ಅರ್ಥವಿದೆಯಾದರೂ ಅದರ ಮೌಲ್ಯ ಗಡಿಯಿಂದ ಸ್ವಲ್ಪವೇ ಮೇಲಿದ್ದಾಗ, ಎಂದರೆ 1.1ರಿಂದ 3ರ ನಡುವೆ ಇದ್ದಾಗ, ಸುಳ್ಳು ಪಾಸಿಟಿವ್ ಆಗಿರುವ ಸಾಧ್ಯತೆ ಹೆಚ್ಚು. ಮತ್ತೊಂದು ವಿಧಾನದಿಂದ ಖಚಿತಪಡಿಸಿಕೊಳ್ಳದೆ ನಂಬಬಾರದು. ಯಾವ ಲಕ್ಷಣವೂ ಇಲ್ಲದವರಿಗೆ ಸುಮ್ಮನೆ ಈ ರಕ್ತಪರೀಕ್ಷೆ ಮಾಡಬೇಡಿ ಎಂದು ಅಮೆರಿಕದ ರೋಗತಡೆ ಸೇವೆಗಳ ಕಾರ್ಯಪಡೆ 2016ರಲ್ಲಿ ಹೇಳಿ, 2023ರಲ್ಲಿ ಮತ್ತೆ ಅದನ್ನೇ ಎತ್ತಿಹಿಡಿಯಿತು.

ಚಿಕಿತ್ಸೆಯ ಕಥೆ ಅಸೈಕ್ಲೊವಿರ್‌ನಿಂದ ಆರಂಭವಾಗುತ್ತದೆ. 1970ರ ದಶಕದಲ್ಲಿ ಬರೋಸ್ ವೆಲ್‌ಕಮ್ ಕಂಪನಿಯಲ್ಲಿ ಗರ್ಟ್ರೂಡ್ ಎಲಿಯನ್, ಹೊವರ್ಡ್ ಷೇಫರ್ ಮುಂತಾದವರು ಬೆಳೆಸಿದ ಈ ಔಷಧ, ವೈರಸ್‌ಗಳನ್ನು ತಡೆಯಬೇಕಾದರೆ ರೋಗಿಯ ಜೀವಕೋಶಗಳಿಗೂ ಪೆಟ್ಟು ಬಿದ್ದೇ ಬೀಳುತ್ತದೆ ಎಂಬ ಅಂದಿನ ನಂಬಿಕೆಯನ್ನು ಬದಲಿಸಿತು. ಎಲಿಯನ್ ಅವರಿಗೆ 1988ರಲ್ಲಿ ಜಾರ್ಜ್ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಂದಿಗೆ ನೊಬೆಲ್ ಬಂತು. ಅಸೈಕ್ಲೊವಿರ್ ನುಂಗಿದಾಗ ಅದು ನಿಷ್ಕ್ರಿಯವಾಗಿಯೇ ದೇಹದಲ್ಲೆಲ್ಲ ಹರಡುತ್ತದೆ. ಅದನ್ನು ಚುರುಕುಗೊಳಿಸುವ ಮೊದಲ ಹೆಜ್ಜೆಗೆ ಬೇಕಾದ ಕಿಣ್ವ ಹರ್ಪಿಸ್ ವೈರಸ್ ಬೆಳೆಯುತ್ತಿರುವ ಜೀವಕೋಶಗಳಲ್ಲಿ ಮಾತ್ರ ಇರುತ್ತದೆ, ಏಕೆಂದರೆ ಆ ಕಿಣ್ವವನ್ನು ತಯಾರಿಸುವುದು ವೈರಸ್ಸೇ. ಹಾಗೆ ಚುರುಕಾದ ಔಷಧ ಹೊಸದಾಗಿ ಕಟ್ಟುತ್ತಿರುವ ವೈರಸ್ ಡಿಎನ್‌ಎ ಸರಪಳಿಯೊಳಗೆ ಸೇರಿ ಅದನ್ನು ಅಲ್ಲೇ ನಿಲ್ಲಿಸುತ್ತದೆ. ಆರೋಗ್ಯವಂತ ಕೋಶಗಳನ್ನು ಅದು ಮುಟ್ಟುವುದು ಅತ್ಯಲ್ಪ. ವರ್ಷಗಟ್ಟಲೆ ನುಂಗಿದರೂ ಹೆಚ್ಚಿನವರಿಗೆ ತೊಂದರೆಯಾಗದಿರುವುದಕ್ಕೆ ಇದೇ ಕಾರಣ. ನರಗಂಟಿನಲ್ಲಿ ಸುಪ್ತವಾಗಿರುವ ವೈರಸ್ ಡಿಎನ್‌ಎ ಕಟ್ಟುತ್ತಿರುವುದಿಲ್ಲ, ಕಿಣ್ವವನ್ನೂ ತಯಾರಿಸುವುದಿಲ್ಲ. ಹಾಗಾಗಿ ಔಷಧ ಅಲ್ಲಿ ಏನೂ ಮಾಡಲಾರದು. ವ್ಯಾಲಸೈಕ್ಲೊವಿರ್ ಎಂಬುದು ಕರುಳಿನಲ್ಲಿ ಹೆಚ್ಚು ಹೀರಿಕೊಂಡು ದೇಹದಲ್ಲಿ ಅಸೈಕ್ಲೊವಿರ್ ಆಗಿ ಬದಲಾಗುವ ರೂಪ, ಫ್ಯಾಮ್ಸಿಕ್ಲೊವಿರ್ ಇದೇ ಬಗೆಯ ಇನ್ನೊಂದು ಔಷಧ. ಮೂರರಲ್ಲಿ ಯಾವುದನ್ನು ಕೊಟ್ಟರೂ ಫಲ ಹೆಚ್ಚುಕಡಿಮೆ ಒಂದೇ. ದಿನಕ್ಕೆ ಎಷ್ಟು ಸಲ ನುಂಗಬೇಕು, ಎಷ್ಟು ದುಡ್ಡು ಎಂಬುದರಲ್ಲಿ ವ್ಯತ್ಯಾಸ.

ಮೊದಲ ಸಲದ ಕಾಯಿಲೆಗೆ ಎಲ್ಲರಿಗೂ ಮಾತ್ರೆ ಕೊಡಬೇಕು, ಗುಳ್ಳೆ ಕಡಿಮೆ ಇದ್ದರೂ ಕೊಡಬೇಕು. ಅಸೈಕ್ಲೊವಿರ್ ಆದರೆ 400 ಮಿಲಿಗ್ರಾಂ ದಿನಕ್ಕೆ ಮೂರು ಬಾರಿ, ವ್ಯಾಲಸೈಕ್ಲೊವಿರ್ ಆದರೆ 1 ಗ್ರಾಂ ದಿನಕ್ಕೆ ಎರಡು ಬಾರಿ, ಏಳರಿಂದ ಹತ್ತು ದಿನ ಎಂಬುದು ರೂಢಿಯಲ್ಲಿರುವ ಪ್ರಮಾಣ. ಮೂತ್ರಪಿಂಡದ ತೊಂದರೆ ಇರುವವರಿಗೆ ವೈದ್ಯರು ಇದನ್ನು ಇಳಿಸುತ್ತಾರೆ. ಅನಂತರ ಆಯ್ಕೆ ಎರಡು. ವರ್ಷಕ್ಕೆ ಒಂದೆರಡು ಸಲ ಮಾತ್ರ ಮರುಕಳಿಸುವವರು ಮಾತ್ರೆಯನ್ನು ಮನೆಯಲ್ಲಿ ಇಟ್ಟುಕೊಂಡು, ಜುಮ್ಮೆನ್ನುವ ಮುನ್ಸೂಚನೆ ಬಂದ ಕೂಡಲೇ, ತಡವಾದರೂ ಗುಳ್ಳೆ ಎದ್ದ ಒಂದು ದಿನದೊಳಗೆ, ಎರಡರಿಂದ ಐದು ದಿನಗಳ ಚಿಕಿತ್ಸೆ ಮುಗಿಸಬಹುದು. ಗುಳ್ಳೆ ಪೂರ್ತಿ ಎದ್ದು ಒಡೆದ ಮೇಲೆ ಶುರು ಮಾಡಿದರೆ ಲಾಭ ಕಡಿಮೆ, ಏಕೆಂದರೆ ಅಷ್ಟು ಹೊತ್ತಿಗೆ ವೈರಸ್ ತನ್ನ ಬೆಳವಣಿಗೆಯನ್ನು ಮುಗಿಸಿಕೊಂಡಿರುತ್ತದೆ. ಪದೇ ಪದೇ ಮರುಕಳಿಸುವವರು ಪ್ರತಿದಿನ ಕಡಿಮೆ ಪ್ರಮಾಣದಲ್ಲಿ, ಅಸೈಕ್ಲೊವಿರ್ 400 ಮಿಲಿಗ್ರಾಂ ಎರಡು ಬಾರಿ ಅಥವಾ ವ್ಯಾಲಸೈಕ್ಲೊವಿರ್ 500 ಮಿಲಿಗ್ರಾಂ ಒಂದು ಬಾರಿ ನುಂಗಿದರೆ ಮರುಕಳಿಕೆ ಶೇ 70ರಿಂದ 80ರಷ್ಟು ಇಳಿಯುತ್ತದೆ. ವರ್ಷಕ್ಕೊಮ್ಮೆ ವೈದ್ಯರೊಂದಿಗೆ ಕುಳಿತು, ಮಾತ್ರೆ ನಿಲ್ಲಿಸಿ ನೋಡಬಹುದೇ ಎಂದು ವಿಚಾರಿಸುವುದು ಕ್ರಮ.

ಮುಲಾಮಿನ ವಿಷಯಕ್ಕೆ ಹೆಚ್ಚು ಮಾತು ಬೇಕಿಲ್ಲ: ಅಸೈಕ್ಲೊವಿರ್ ಮುಲಾಮಿನಿಂದ ಜನನಾಂಗದ ಹರ್ಪಿಸ್‌ಗೆ ಆಗುವ ಉಪಯೋಗ ಅತ್ಯಲ್ಪ. ಅದಕ್ಕಿಂತ ಕೆಟ್ಟದ್ದು, ತೊಡೆಸಂದಿನ ತುರಿಕೆಗೆಲ್ಲ ಔಷಧದಂಗಡಿಯವರು ಎತ್ತಿಕೊಡುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರನ್ನೂ ಬೆರೆಸಿದ ಟ್ಯೂಬುಗಳು. ಸ್ಟೀರಾಯ್ಡ್ ಆ ಜಾಗದ ಪ್ರತಿರೋಧವನ್ನೇ ಕುಗ್ಗಿಸಿ ವೈರಸ್ಸಿಗೆ ಅನುಕೂಲ ಮಾಡಿಕೊಡುತ್ತದೆ. ಮನೆಯಲ್ಲಿ ಮಾಡಬೇಕಾದದ್ದು ಸರಳ: ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಒಣಗಿಸಿಕೊಳ್ಳುವುದು, ಸಡಿಲವಾದ ಹತ್ತಿಯ ಒಳಉಡುಪು, ನೋವಿಗೆ ಪ್ಯಾರಾಸಿಟಮಾಲ್, ಮೂತ್ರ ಮಾಡುವಾಗ ಮೇಲಿಂದ ನೀರು ಸುರಿದುಕೊಳ್ಳುವುದು, ಗುಳ್ಳೆ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯದೆ ಕಣ್ಣಿಗೆ ತಾಗಿಸದಿರುವುದು. ಈ ವೈರಸ್ ದೇಹದ ಹೊರಗೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಶೌಚಾಲಯ, ಈಜುಕೊಳ, ಒಗೆದ ಬಟ್ಟೆಗಳಿಂದ ಹರಡುತ್ತದೆಂಬ ಭಯ ಬೇಡ. ಮನೆಯವರ ತಟ್ಟೆ ಲೋಟ ಬೇರೆ ಮಾಡುವ ಅಗತ್ಯವೂ ಇಲ್ಲ.

ಸಂಗಾತಿಗೆ ಹರಡದಂತೆ ನೋಡಿಕೊಳ್ಳುವುದು ಚಿಕಿತ್ಸೆಯ ಇನ್ನೊಂದು ಗುರಿ. ಮುನ್ಸೂಚನೆ ಬಂದಾಗಿನಿಂದ ಹುಣ್ಣು ಪೂರ್ತಿ ಮಾಯುವವರೆಗೆ ಸಂಪರ್ಕ ಬೇಡ, ಈ ದಿನಗಳಲ್ಲಿ ಕಾಂಡೋಮ್ ಕೂಡ ಸಾಲದು. ಉಳಿದ ದಿನಗಳಲ್ಲಿ ಕಾಂಡೋಮ್ ಅಪಾಯವನ್ನು ತಗ್ಗಿಸುತ್ತದೆ, ಇಲ್ಲವಾಗಿಸುವುದಿಲ್ಲ. ಅದು ಮುಚ್ಚದ ಚರ್ಮದಿಂದಲೂ ವೈರಸ್ ಹೊರಬರುತ್ತದೆ. 2004ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಒಬ್ಬರಿಗೆ ಎರಡನೆಯ ವಿಧದ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ 1,484 ಜೋಡಿಗಳನ್ನು ಎಂಟು ತಿಂಗಳ ಕಾಲ ಗಮನಿಸಲಾಯಿತು. ಸೋಂಕಿರುವವರು ಪ್ರತಿದಿನ 500 ಮಿಲಿಗ್ರಾಂ ವ್ಯಾಲಸೈಕ್ಲೊವಿರ್ ನುಂಗಿದ ಜೋಡಿಗಳಲ್ಲಿ ಶೇ 1.9ರಷ್ಟು ಸಂಗಾತಿಗಳಿಗೆ, ಔಷಧವಿಲ್ಲದ ಹುಸಿಮಾತ್ರೆ ನುಂಗಿದ ಜೋಡಿಗಳಲ್ಲಿ ಶೇ 3.6ರಷ್ಟು ಸಂಗಾತಿಗಳಿಗೆ ಸೋಂಕು ತಗುಲಿತು. ಮಾತ್ರೆಯಿಂದ ಅಪಾಯ ಅರ್ಧದಷ್ಟು ಇಳಿಯಿತೆಂಬುದು ಇದರ ಒಂದು ಅರ್ಥ. ಎಚ್ಚರಿಕೆಯಿಂದಿದ್ದ ಜೋಡಿಗಳಲ್ಲಿ, ಮಾತ್ರೆಯಿಲ್ಲದೆಯೂ, ಎಂಟು ತಿಂಗಳಲ್ಲಿ ಶೇ 96ಕ್ಕಿಂತ ಹೆಚ್ಚು ಮಂದಿಗೆ ಸೋಂಕು ತಗುಲಲಿಲ್ಲ ಎಂಬುದು ಇನ್ನೊಂದು ಅರ್ಥ. ಸಂಗಾತಿಗೆ ವಿಷಯ ತಿಳಿಸುವ ಮಾತು ಯಾರಿಗೂ ಸುಲಭವಲ್ಲ. ಆದರೆ ಹೇಳದೆ ಮುಚ್ಚಿಟ್ಟರೆ ಈ ಎಚ್ಚರಿಕೆಗಳಲ್ಲಿ ಒಂದನ್ನೂ ನೆಟ್ಟಗೆ ಪಾಲಿಸಲಾಗುವುದಿಲ್ಲ. ವೈದ್ಯರ ಎದುರು ಇಬ್ಬರೂ ಕುಳಿತು, ಸೋಂಕಿನ ಕಾಲ ಹೇಳಲಾಗದು ಎಂಬ ಮಾತನ್ನು ವೈದ್ಯರ ಬಾಯಿಂದಲೇ ಕೇಳುವುದು ಎಷ್ಟೋ ಜಗಳಗಳನ್ನು ತಪ್ಪಿಸುತ್ತದೆ.

ಗರ್ಭಿಣಿಯರಿಗೆ ಈ ಕಾಲದ ಲೆಕ್ಕವೇ ಜೀವದ ಲೆಕ್ಕವಾಗುತ್ತದೆ. ಹಳೆಯ ಸೋಂಕಿರುವ ತಾಯಿಯ ರಕ್ತದಿಂದ ಪ್ರತಿಕಾಯಗಳು ಮಗುವಿಗೂ ಹೋಗಿರುವುದರಿಂದ ಹೆರಿಗೆಯಲ್ಲಿ ಮಗುವಿಗೆ ಸೋಂಕು ತಗುಲುವ ಸಾಧ್ಯತೆ ಬಹಳ ಕಡಿಮೆ. ಆದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಮೊದಲ ಬಾರಿ ಸೋಂಕು ತಗುಲಿದರೆ, ಪ್ರತಿಕಾಯ ಹುಟ್ಟಿ ಮಗುವಿಗೆ ದಾಟುವಷ್ಟು ಸಮಯವಿರುವುದಿಲ್ಲ. ಆಗ ಅಪಾಯ ಶೇ 30ರಿಂದ 50ಕ್ಕೇರುತ್ತದೆ. ನವಜಾತ ಶಿಶುವಿನ ಹರ್ಪಿಸ್ ಅಪರೂಪದ್ದಾದರೂ ಮಿದುಳು, ಯಕೃತ್ತುಗಳನ್ನು ಹಿಡಿದರೆ ಮಾರಕ. ಆದ್ದರಿಂದ ಹೆಂಡತಿ ಗರ್ಭಿಣಿಯಾಗಿದ್ದು ಗಂಡನಿಗೆ ಹರ್ಪಿಸ್ ಇದ್ದು ಆಕೆಗೆ ಇಲ್ಲದಿದ್ದರೆ ಕೊನೆಯ ಮೂರು ತಿಂಗಳು ಸಂಪರ್ಕವನ್ನು ಬಿಡುವುದೇ ಸರಿ. ತುಟಿಯಲ್ಲಿ ಗುಳ್ಳೆಯಿರುವವರು ಬಾಯಿಯ ಸಂಪರ್ಕವನ್ನೂ ಬಿಡಬೇಕು. ಹರ್ಪಿಸ್ ಇರುವ ಗರ್ಭಿಣಿಗೆ 36ನೇ ವಾರದಿಂದ ದಿನವೂ ಮಾತ್ರೆ ಕೊಡುತ್ತಾರೆ. ಹೆರಿಗೆ ನೋವಿನ ಹೊತ್ತಿಗೆ ಗುಳ್ಳೆಯೋ ಮುನ್ಸೂಚನೆಯೋ ಇದ್ದರೆ ಸಿಸೇರಿಯನ್ ಮಾಡುತ್ತಾರೆ. ಹೆರಿಗೆಗೆ ಹೋದಾಗ ಈ ವಿಷಯವನ್ನು ನಾಚಿಕೆಯಿಂದ ಮುಚ್ಚಿಡಬಾರದು. ಬಾಣಂತಿ ಮಗುವನ್ನು ನೋಡಲು ಬರುವ ನೆಂಟರಿಷ್ಟರಲ್ಲಿ ತುಟಿಯ ಗುಳ್ಳೆ ಇರುವವರು ಮಗುವಿಗೆ ಮುತ್ತಿಡದಂತೆ ನೋಡಿಕೊಳ್ಳುವುದೂ ಇದೇ ಎಚ್ಚರಿಕೆಯ ಭಾಗ.

ಎಚ್‌ಐವಿಯೊಂದಿಗೆ ಈ ರೋಗದ ನಂಟು ಗಂಭೀರವಾದದ್ದು. ಎರಡನೆಯ ವಿಧದ ಹರ್ಪಿಸ್ ಇರುವವರಿಗೆ ಎಚ್‌ಐವಿ ತಗುಲುವ ಅಪಾಯ ಸುಮಾರು ಮೂರು ಪಟ್ಟು ಹೆಚ್ಚು. ಹುಣ್ಣು ದಾರಿ ಮಾಡಿಕೊಡುತ್ತದೆ, ಹುಣ್ಣಿಲ್ಲದಾಗಲೂ ಎಚ್‌ಐವಿ ಹಿಡಿಯುವ ಬಗೆಯ ರಕ್ಷಣಾಕೋಶಗಳು ಆ ಜಾಗದಲ್ಲಿ ನೆರೆದಿರುತ್ತವೆ. ದಿನವೂ ಅಸೈಕ್ಲೊವಿರ್ ಕೊಟ್ಟರೆ ಈ ಅಪಾಯ ಇಳಿಯಬಹುದೆಂದು ಆಫ್ರಿಕಾ ಮೊದಲಾದೆಡೆ ನಡೆಸಿದ ದೊಡ್ಡ ಪ್ರಯೋಗಗಳು ಆ ಆಸೆಯನ್ನು ನಿಜವಾಗಿಸಲಿಲ್ಲ. ಆದ್ದರಿಂದ ಹರ್ಪಿಸ್ ಪತ್ತೆಯಾದವರೆಲ್ಲ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳನ್ನೂ ಮಾಡಿಸಿಕೊಳ್ಳಬೇಕು. ಒಂದು ತಿಂಗಳಾದರೂ ಮಾಯದ ಹರ್ಪಿಸ್ ಹುಣ್ಣು ರೋಗನಿರೋಧಕ ಶಕ್ತಿ ಕುಸಿದಿರುವುದರ ಸೂಚನೆಯಾಗಿರಬಹುದು. ಅಂಥವರಲ್ಲಿ ಅಸೈಕ್ಲೊವಿರ್‌ಗೆ ಬಗ್ಗದ ವೈರಸ್ ಕಾಣಿಸಿಕೊಳ್ಳುವುದೂ ಉಂಟು.

ಲಸಿಕೆ ಇನ್ನೂ ಇಲ್ಲ. 2012ರಲ್ಲಿ ಫಲಿತಾಂಶ ಹೊರಬಂದ ದೊಡ್ಡ ಪ್ರಯೋಗದಲ್ಲಿ ಪರೀಕ್ಷಿಸಿದ ಲಸಿಕೆ ಒಂದನೆಯ ವಿಧದಿಂದ ಒಂದಿಷ್ಟು ರಕ್ಷಣೆ ಕೊಟ್ಟಿತು, ಎರಡನೆಯ ವಿಧದೆದುರು ಸೋತಿತು. ಮರುಕಳಿಕೆಯನ್ನು ತಡೆಯಲೆಂದು ಜಿಎಸ್‌ಕೆ ಕಂಪನಿ ಪರೀಕ್ಷಿಸುತ್ತಿದ್ದ ಮತ್ತೊಂದು ಲಸಿಕೆಯೂ ನಿರೀಕ್ಷಿತ ಫಲ ಕೊಡಲಿಲ್ಲವೆಂದು 2024ರಲ್ಲಿ ತಿಳಿಯಿತು.

ನಮ್ಮ ಬಸ್ ನಿಲ್ದಾಣಗಳ ಗೋಡೆಗಳ ಮೇಲೆ, ರೈಲು ಹಳಿಗಳ ಪಕ್ಕದ ಕಾಂಪೌಂಡುಗಳ ಮೇಲೆ ಗುಪ್ತರೋಗಗಳಿಗೆ ಶಾಶ್ವತ ಪರಿಹಾರ ಎಂಬ ಬರಹಗಳಿಗೆ ಬರವಿಲ್ಲ. ನಿಗದಿತ ದಿನ ಇಂಥ ಲಾಡ್ಜಿನ ಇಂಥ ಕೊಠಡಿಯಲ್ಲಿ ತಜ್ಞರು ಸಿಗುತ್ತಾರೆಂಬ ಪ್ರಕಟಣೆಯೂ ಇರುತ್ತದೆ. ಹರ್ಪಿಸ್ ಇಂಥವರಿಗೆ ಹೇಳಿಮಾಡಿಸಿದ ಕಾಯಿಲೆ. ಯಾವ ಪುಡಿ ಕೊಟ್ಟರೂ ಹತ್ತು ದಿನಗಳಲ್ಲಿ ಗುಳ್ಳೆ ತಾನಾಗಿ ಮಾಯುತ್ತದೆ, ವರ್ಷಗಳು ಕಳೆದಂತೆ ಮರುಕಳಿಕೆಯೂ ತಾನಾಗಿ ಇಳಿಯುತ್ತದೆ, ಕೀರ್ತಿ ಪುಡಿಗೆ ಹೋಗುತ್ತದೆ. ಹೋಗಬೇಕಾದ ಜಾಗ ಬೇರೆ. ಚರ್ಮರೋಗ ತಜ್ಞರೇ ನಮ್ಮಲ್ಲಿ ಲೈಂಗಿಕ ರೋಗಗಳ ತಜ್ಞರೂ ಹೌದು. ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಎರಡಕ್ಕೂ ಒಂದೇ ವಿಭಾಗ, ಹಾಗಾಗಿ ಆ ಬಾಗಿಲಿನ ಮುಂದೆ ಸಾಲಿನಲ್ಲಿ ನಿಂತವರು ತುರಿಕೆಗೆ ಬಂದಿದ್ದಾರೋ ಇದಕ್ಕೆ ಬಂದಿದ್ದಾರೋ ಎಂದು ಯಾರಿಗೂ ತಿಳಿಯುವುದಿಲ್ಲ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಹೆಸರಿನ ಕೇಂದ್ರಗಳಿದ್ದು ಅಲ್ಲಿ ಪರೀಕ್ಷೆ, ಆಪ್ತಸಮಾಲೋಚನೆ, ಔಷಧ ಎಲ್ಲ ಉಚಿತ. ಪ್ರಯೋಗಾಲಯದ ವರದಿಗೆ ಕಾಯದೆ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುವ ಸಲುವಾಗಿ ಈ ಕಾರ್ಯಕ್ರಮದಲ್ಲಿ ಬಣ್ಣಬಣ್ಣದ ಔಷಧ ಕಿಟ್‌ಗಳನ್ನು ರೂಪಿಸಿದ್ದಾರೆ. ಹರ್ಪಿಸ್ ಹುಣ್ಣಿಗೆಂದು ಇರುವುದು ಕೆಂಪು ಬಣ್ಣದ ಐದನೇ ಕಿಟ್. ಅದರೊಳಗೆ 400 ಮಿಲಿಗ್ರಾಂನ 21 ಅಸೈಕ್ಲೊವಿರ್ ಮಾತ್ರೆಗಳು, ದಿನಕ್ಕೆ ಮೂರರಂತೆ ಏಳು ದಿನಕ್ಕೆ. ಮುಖ ತೋರಿಸಲು ಹಿಂಜರಿಯುವವರು ಮೊದಲು 1097 ಎಂಬ ಉಚಿತ ಸಹಾಯವಾಣಿಗೆ ಕರೆಮಾಡಿ, ಹೆಸರು ಹೇಳದೆಯೇ, ಹತ್ತಿರದ ಕೇಂದ್ರ ಎಲ್ಲಿದೆ ಎಂದು ಕೇಳಿಕೊಳ್ಳಬಹುದು.